ಮೊದಲ ಆಟಯಂತ್ರದ ಆಯ್ಕೆ

1794ರಲ್ಲಿ ಶ್ರೀರಂಗಪಟ್ಟಣದಲ್ಲಿ ಜನಿಸಿದ ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ಹೆಸರಿನಲ್ಲಿ ಪ್ರಸಿದ್ಧವಾದ ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಕಡೆಯದಾದ ಕೌತುಕನಿಧಿಯಲ್ಲಿ ಕ್ರೀಡಾವಿನೋದಗಳಿಗೆ ಸ್ಥಾನವನ್ನಿತ್ತರು. ದೇವತಾಮೂರ್ತಿಗಳ ಲಕ್ಷಣವನ್ನು ನಿರೂಪಿಸುವ ಮಹಾಗ್ರಂಥದಲ್ಲಿಯೇ ಗಂಜೀಫದ ಎಲೆಗಳಿಗೂ ಎಡೆಗೊಟ್ಟ ಆ ದೊರೆ, ಆಟವೆಂಬುದು ವಿದ್ಯಾವಂತನ ಬಾಳಿಗೆ ಅನ್ಯವಾದುದಲ್ಲವೆಂದು ತಿಳಿದಿದ್ದರೆಂಬುದರಲ್ಲಿ ಸಂದೇಹವಿಲ್ಲ. ಅಂತಹವರು ಹುಟ್ಟಿದ ಸೀಮೆಯಲ್ಲಿ ವೀಡಿಯೊ ಗೇಮ್ ಎಂದೊಡನೆ ಹುಡುಗರ ಚಟವೆಂದು ಮುಖ ತಿರುಗಿಸುವ ಹಿರಿಯರನ್ನು ಕಂಡಾಗ ನನಗೆ ಖೇದವಾಗುತ್ತದೆ. ಏಕೆಂದರೆ ಚಿತ್ರ, ಸಂಗೀತ, ಕಥೆ, ಗಣಿತಗಳು ಒಟ್ಟುಗೂಡಿ, ನೋಡುವವನ ಕಣ್ಣಿನಲ್ಲಿ ಮುಗಿಯದೆ ಆಡುವವನ ಕೈಯಲ್ಲಿ ಪೂರ್ಣಗೊಳ್ಳುವ ಕಲೆ ನಮ್ಮ ಕಾಲದಲ್ಲಿ ಇದೊಂದೇ.

ಆದರೆ ಈಚೆಗೆ ಇನ್ನೊಂದು ಬಗೆಯ ಹಿರಿಯರೂ ಕಾಣತೊಡಗಿದ್ದಾರೆ. ಪಾಂಡವಪುರದಲ್ಲಿಯೋ ಕೃಷ್ಣರಾಜಪೇಟೆಯಲ್ಲಿಯೋ ನಿವೃತ್ತರಾಗಿ ಮನೆಯಲ್ಲಿರತಕ್ಕ ಉಪಾಧ್ಯಾಯರು, ಮಕ್ಕಳನ್ನು ಬೆಂಗಳೂರಿನ ಉದ್ಯೋಗಗಳಿಗೆ ಕಳುಹಿಸಿಕೊಟ್ಟು ಸಂಜೆಯ ವಿರಾಮವನ್ನು ಹೇಗೆ ಸಾರ್ಥಕಗೊಳಿಸಬೇಕೆಂದು ಚಿಂತಿಸುವ ಗೃಹಿಣಿಯರು, ಅಂಗಡಿಯ ಬಾಗಿಲು ಹಾಕಿದ ಮೇಲೆ ಒಂದು ಗಂಟೆಯ ಹೊತ್ತು ಮನಸ್ಸನ್ನು ಬೇರೆಡೆಗೆ ಹರಿಯಬಿಡಲು ಬಯಸುವ ವ್ಯಾಪಾರಿಗಳು, ‘ನಾವೂ ಆಡಬಹುದೇ? ಆಡುವುದಾದರೆ ಯಾವ ಯಂತ್ರವನ್ನು ಕೊಳ್ಳಬೇಕು?’ ಎಂದು ಕೇಳುತ್ತಾರೆ. ಮೊದಲನೆಯ ಪ್ರಶ್ನೆಗೆ ಉತ್ತರ ಸುಲಭ: ಅವಶ್ಯವಾಗಿ ಆಡಬಹುದು. ಎರಡನೆಯದಕ್ಕೆ ಉತ್ತರ ಹೇಳುವಾಗ ಅಂಗಡಿಯವರು ಯಂತ್ರದ ಬಲಾಬಲಗಳನ್ನು ವರ್ಣಿಸುತ್ತಾರೆ. ಹೊಸಬರಿಗೆ ನಿಜವಾಗಿ ಅಡ್ಡಿಯಾಗುವುದು ತಮ್ಮ ಕೈ ಮತ್ತು ಕಣ್ಣು ಇನ್ನೂ ಪಳಗದಿರುವುದು. ಅತ್ಯಲ್ಪ ವೆಚ್ಚದಲ್ಲಿ ಕೈಯನ್ನು ಪಳಗಿಸತಕ್ಕ ಯಂತ್ರ ಯಾವುದೋ ಅದೇ ಮೊದಲ ಯಂತ್ರವಾಗಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಈ ಪಳಗುವಿಕೆಯ ವಿಚಾರವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಇಂದಿನ ಹೆಸರಾಂತ ಆಟಗಳಲ್ಲಿ ಅನೇಕವು ಮೂರು ಆಯಾಮಗಳ ಲೋಕದಲ್ಲಿ ನಡೆಯತಕ್ಕವು. ಕಂಟ್ರೋಲರ್‌ನ ಎಡಗಡೆಯ ಸ್ಟಿಕ್ಕನ್ನು ಹೆಬ್ಬೆರಳು ಯಾವ ಕಡೆಗೆ ವಾಲಿಸುತ್ತದೆಯೋ ಆ ಕಡೆಗೆ ಪಾತ್ರ ನಡೆಯುತ್ತದೆ; ಬಲಗಡೆಯ ಸ್ಟಿಕ್ಕನ್ನು ವಾಲಿಸಿದರೆ ನೋಟ ತಿರುಗುತ್ತದೆ. ಹೀಗೆ ಕಾಲಿನ ಕೆಲಸ ಒಂದು ಬೆರಳಿಗೂ ಕತ್ತಿನ ಕೆಲಸ ಇನ್ನೊಂದು ಬೆರಳಿಗೂ ಹಂಚಿಹೋಗಿರುವುದರಿಂದ, ಬಾಲ್ಯದಿಂದ ಆಡಿ ಬಂದವರು ಯೋಚನೆಯಿಲ್ಲದೆ ಮಾಡುವುದನ್ನು ಹೊಸಬರು ಯೋಚಿಸಿ ಯೋಚಿಸಿ ಮಾಡಬೇಕಾಗುತ್ತದೆ. ಗೋಡೆಗೆ ಮುಖವಿಟ್ಟು ನಿಲ್ಲುವುದೂ, ಆಕಾಶವನ್ನು ನೋಡುತ್ತ ಕಂದಕಕ್ಕೆ ಬೀಳುವುದೂ ಅವರ ಪಾಲಿಗೆ ಸಾಮಾನ್ಯ. ದೇಹ ಕುರ್ಚಿಯಲ್ಲಿ ನಿಶ್ಚಲವಾಗಿದ್ದು ಕಣ್ಣು ಮಾತ್ರ ಓಡುತ್ತಿರುವುದನ್ನು ಒಳಗಿವಿ ಒಪ್ಪದೆ, ಕೆಲವರಿಗೆ ತಲೆಸುತ್ತೂ ಓಕರಿಕೆಯೂ ಬರುವುದುಂಟು. ಹತ್ತಾರು ಸಾವಿರ ರೂಪಾಯಿ ಕೊಟ್ಟು ತಂದ ಯಂತ್ರದಲ್ಲಿ ಮೊದಲ ಸಂಜೆಯೇ ಇಂತಹ ಅನುಭವವಾದರೆ, ‘ಇದು ನಮ್ಮಂಥವರಿಗಲ್ಲ’ ಎಂದು ಅದನ್ನು ಬೀರುವಿಗೆ ಸೇರಿಸುವುದು ಸ್ವಾಭಾವಿಕ.

ಆದುದರಿಂದ ಮೊದಲ ಆಟದ ದೃಶ್ಯ ಮೇಲಿನಿಂದಲೋ ಪಕ್ಕದಿಂದಲೋ ಕಾಣುವಂಥದಾಗಿರಬೇಕು. ನೋಟವನ್ನು ತಿರುಗಿಸುವ ಹೊರೆ ಅದರಲ್ಲಿರಬಾರದು. ಇಂತಹ ಆಟಗಳಲ್ಲಿ ನಮ್ಮ ಸೀಮೆಯವರಿಗೆ ನಾನು ಎಲ್ಲಕ್ಕಿಂತ ಮೊದಲು ಹೇಳುವ ಹೆಸರು, ಎರಿಕ್ ಬರೋನ್ ಎಂಬ ಒಬ್ಬನೇ ವ್ಯಕ್ತಿ ಚಿತ್ರ, ಸಂಗೀತ, ಕಥೆಗಳೆಲ್ಲವನ್ನೂ ರಚಿಸಿ 2016ರಲ್ಲಿ ಹೊರತಂದ ‘ಸ್ಟಾರ್‌ಡ್ಯೂ ವ್ಯಾಲಿ’. ಪಾಳುಬಿದ್ದ ಜಮೀನೊಂದನ್ನು ತಾತನಿಂದ ಪಡೆದವನು ಅದನ್ನು ಹಸನುಮಾಡಿ ಬೆಳೆ ತೆಗೆಯುವುದೇ ಅದರ ವಸ್ತು. ನಾಲ್ಕು ಋತುಗಳು, ಋತುವೊಂದಕ್ಕೆ ಇಪ್ಪತ್ತೆಂಟು ದಿನಗಳು. ನೀರು ಕಾಣದ ದಿನ ಪೈರು ಬೆಳೆಯುವುದಿಲ್ಲ, ಋತು ದಾಟಿದ ಮೇಲೆ ಹೊಲದಲ್ಲುಳಿದ ಬೆಳೆ ಸಾಮಾನ್ಯವಾಗಿ ಒಣಗಿಹೋಗುತ್ತದೆ. ವಿಶ್ವೇಶ್ವರಯ್ಯ ನಾಲೆಯ ನೀರಿನಲ್ಲಿ ಕಬ್ಬು ಬತ್ತಗಳನ್ನು ಬೆಳೆದವರಿಗೂ, ನಾಗಮಂಗಲದ ಬೆದ್ದಲಿನಲ್ಲಿ ಮಳೆಯನ್ನು ನಂಬಿ ರಾಗಿ ಬಿತ್ತಿದವರಿಗೂ ಈ ನಿಯಮಗಳನ್ನು ಯಾರೂ ಕಲಿಸಬೇಕಾಗಿಲ್ಲ. ಅವರು ಕಲಿಯಬೇಕಾದುದು ಗುಂಡಿಗಳನ್ನು ಮಾತ್ರ. ಈ ಆಟ ಬಹು ಹಗುರವಾದುದು. ಮಕ್ಕಳು ಓದಿಗೆಂದು ಕೊಂಡು ಬಿಟ್ಟುಹೋದ ಹಳೆಯ ಲ್ಯಾಪ್‌ಟಾಪಿನಲ್ಲಿಯೂ ನಡೆಯುತ್ತದೆ. ಸ್ಟೀಮ್ ಎಂಬ ಮಳಿಗೆಯಲ್ಲಿ ರೂಪಾಯಿಯಲ್ಲಿಯೇ ಕೊಳ್ಳಬಹುದು. ಕೊಂಡ ಹದಿನಾಲ್ಕು ದಿನಗಳೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದ ಪಕ್ಷದಲ್ಲಿ, ಹಿಡಿಸದಿದ್ದರೆ ಹಣವನ್ನು ಹಿಂದಕ್ಕೆ ಕೇಳುವ ಸೌಲಭ್ಯವೂ ಅಲ್ಲಿ ಉಂಟು.

ಕೈಯಲ್ಲಿ ಮೊಬೈಲ್ ಇರುವಾಗ ಇಷ್ಟೆಲ್ಲ ಏತಕ್ಕೆ ಎಂದು ಕೆಲವರು ಕೇಳಬಹುದು. ಮೊಬೈಲಿನಲ್ಲಿ ಒಳ್ಳೆಯ ಆಟಗಳಿಲ್ಲವೆಂದು ನಾನು ಹೇಳಲಾರೆ. ಸ್ಟಾರ್‌ಡ್ಯೂ ವ್ಯಾಲಿಯೂ ಅಲ್ಲಿ ದೊರೆಯುತ್ತದೆ. ಆದರೆ ಅಲ್ಲಿ ಆಡುವ ಬೆರಳೇ ನೋಡಬೇಕಾದ ದೃಶ್ಯವನ್ನು ಮರೆಮಾಡುತ್ತದೆ. ಒತ್ತಿದ್ದು ಬೆರಳಿಗೆ ತಿಳಿಯುವುದಿಲ್ಲ. ಉಚಿತವೆಂದು ಕರೆಯಿಸಿಕೊಳ್ಳುವ ಆಟಗಳು ಹೆಜ್ಜೆಹೆಜ್ಜೆಗೂ ಜಾಹೀರಾತನ್ನು ತೋರಿಸಿ ಏನನ್ನಾದರೂ ಕೊಳ್ಳೆಂದು ಒತ್ತಾಯಿಸುತ್ತವೆ. ಇದಲ್ಲದೆ, ದೂರದ ಸರ್ವರನ್ನು ನಂಬಿದ ಆಟ ಎಂದಿಗೂ ನಮ್ಮದಾಗಲಾರದು. 2020ರ ಸೆಪ್ಟೆಂಬರಿನಲ್ಲಿ ಸರ್ಕಾರ ಪಬ್‌ಜಿ ಮೊಬೈಲನ್ನು ನಿಷೇಧಿಸಿತು. 2021ರ ಜುಲೈಯಲ್ಲಿ ಬಿಜಿಎಂಐ ಎಂಬ ಹೆಸರಿನಿಂದ ಅದು ಮರಳಿ ಬಂದಿತು. 2022ರ ಜುಲೈಯಲ್ಲಿ ಅದೂ ಮಳಿಗೆಗಳಿಂದ ಮರೆಯಾಗಿ, 2023ರ ಮೇ ತಿಂಗಳಿನಲ್ಲಿ ಪುನಃ ಕಾಣಿಸಿಕೊಂಡಿತು. ನಮ್ಮ ಊರುಗಳ ಹುಡುಗರು ಕಷ್ಟಪಟ್ಟು ಗಳಿಸಿದ ಪ್ರಾವೀಣ್ಯಕ್ಕೆ ಈ ಏರುಪೇರುಗಳಲ್ಲಿ ಯಾವ ಆಶ್ರಯವೂ ಇರಲಿಲ್ಲ.

ಇನ್ನು ಟಿವಿಗೆ ಜೋಡಿಸುವ ಕನ್ಸೋಲ್. ಕೈ ಪಳಗಿದ ಮೇಲೆ, ದೊಡ್ಡ ಪರದೆಯ ಮುಂದೆ ಮನೆಮಂದಿಯೆಲ್ಲ ಕುಳಿತು ಆಡುವುದಕ್ಕೆ ಇದಕ್ಕಿಂತ ಉತ್ತಮವಾದುದಿಲ್ಲ. ಆದರೆ ಇಲ್ಲಿ ಆಯ್ದುಕೊಳ್ಳುವಾಗ ಡಿಸ್ಕ್ ಹಾಕುವ ಬಾಯಿ ಇದೆಯೇ ಇಲ್ಲವೇ ಎಂಬುದನ್ನು ಅವಶ್ಯವಾಗಿ ನೋಡಬೇಕು. 2021ರ ಫೆಬ್ರವರಿಯಲ್ಲಿ ಪ್ಲೇಸ್ಟೇಷನ್ 5 ಭಾರತಕ್ಕೆ ಬಂದಾಗ ಡಿಸ್ಕ್ ಇರುವುದರ ಬೆಲೆ 49,990 ರೂಪಾಯಿ, ಇಲ್ಲದುದರ ಬೆಲೆ 39,990 ರೂಪಾಯಿ ಇತ್ತು; ದೊಡ್ಡ ಹೊಸ ಆಟವೊಂದಕ್ಕೆ 4,999 ರೂಪಾಯಿ. ಅಂದರೆ ಡಿಸ್ಕಿಗೆಂದು ಕೊಟ್ಟ ಹೆಚ್ಚಿನ ಹಣ ಎರಡು ಆಟಗಳನ್ನು ಎರವಲು ಪಡೆದೊಡನೆ ತೀರಿಹೋಗುತ್ತದೆ. ಪಾಂಡವಪುರದ ಅಣ್ಣ ಆಡಿ ಮುಗಿಸಿದ ಡಿಸ್ಕ್ ನಾಗಮಂಗಲದ ತಂಗಿಯ ಮನೆಗೆ ಹೋಗಬಹುದು, ಅಲ್ಲಿಂದ ಕೃಷ್ಣರಾಜಪೇಟೆಯ ಗೆಳೆಯನಿಗೆ ಮಾರಾಟವೂ ಆಗಬಹುದು. ಖಾತೆಗೆ ಅಂಟಿದ ಡಿಜಿಟಲ್ ಪ್ರತಿಗೆ ಈ ಸಂಚಾರಭಾಗ್ಯವಿಲ್ಲ. ಜೊತೆಗೆ ಇಂದಿನ ದೊಡ್ಡ ಆಟಗಳು ನೂರು ಜಿಬಿ ಮುಟ್ಟುವುದುಂಟು. ದಿನಕ್ಕೆ ಎರಡು ಜಿಬಿಯ ಮೊಬೈಲ್ ಪ್ಯಾಕನ್ನು ನಂಬಿದವರು ಅಂತಹುದನ್ನು ಇಳಿಸಿಕೊಳ್ಳಲು ಐವತ್ತು ದಿನ ಕಾಯಬೇಕು. ಡಿಸ್ಕಿನ ಆಟಕ್ಕೂ ಅಪ್‌ಡೇಟುಗಳು ಬರುವವಾದರೂ ಬಹುಪಾಲು ಹೊರೆ ಡಿಸ್ಕಿನಿಂದಲೇ ನೀಗುತ್ತದೆ.

ಮಿಕ್ಕ ಸಂಗತಿಗಳನ್ನು ಸಂಕ್ಷೇಪವಾಗಿ ಹೇಳುವೆನು. ನಿಂಟೆಂಡೊ ಯಂತ್ರಗಳು ಹೊಸಬರಿಗೆ ಅತ್ಯಂತ ಸೌಮ್ಯವಾದವು; ಆದರೆ ಆ ಸಂಸ್ಥೆ ಭಾರತದಲ್ಲಿ ಅಧಿಕೃತವಾಗಿ ಮಾರಾಟವನ್ನಿಟ್ಟುಕೊಂಡಿಲ್ಲವಾದುದರಿಂದ ಕೆಟ್ಟರೆ ವಾರಂಟಿಯ ಆಸರೆ ದೊರೆಯುವುದು ಕಷ್ಟ. ಕಂಪ್ಯೂಟರನ್ನು ತಾಲ್ಲೂಕು ಕೇಂದ್ರದ ರಿಪೇರಿ ಅಂಗಡಿಯಲ್ಲಿಯೇ ಸರಿಪಡಿಸಿಕೊಳ್ಳಬಹುದು. ಕನ್ಸೋಲಿಗಾದರೆ ದೊಡ್ಡ ನಗರದ ದಾರಿ ಹಿಡಿಯಬೇಕು. ಶ್ರೀರಂಗಪಟ್ಟಣದವರಿಗೆ ಮೈಸೂರು ಕೂಗಳತೆಯಲ್ಲಿದೆ, ನಾಗಮಂಗಲದವರಿಗೆ ಅದು ಒಂದು ದಿನದ ಕೆಲಸ. ಕರೆಂಟ್ ಹೋಗಿಬರುವ ಮನೆಯಲ್ಲಿ ಯುಪಿಎಸ್ ಇಲ್ಲದೆ ಕನ್ಸೋಲನ್ನು ನಡೆಸಕೂಡದು. ಆಟ ಉಳಿಸಿಕೊಳ್ಳುತ್ತಿರುವಾಗ ವಿದ್ಯುತ್ತು ನಿಂತರೆ ಅಷ್ಟು ದಿನದ ಶ್ರಮ ಕೆಡಬಹುದು. ಹಣವನ್ನು ಪಣವಾಗಿಟ್ಟು ಆಡುವ ಆಪ್‌ಗಳು ಈ ಅಂಕಣದ ವಿಷಯವೇ ಅಲ್ಲ. 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಕಾನೂನು ಅವನ್ನು ನಿಷೇಧಿಸಿದೆ, ಮತ್ತು ಪಾಂಡವರ ಹೆಸರನ್ನು ಹೊತ್ತ ಊರಿನವರಿಗೆ ಪಣದಾಟದ ಅನರ್ಥವನ್ನು ವಿವರಿಸುವುದು ಅನಾವಶ್ಯಕ.

ಹೀಗಿರುವುದರಿಂದ ನನ್ನ ತೀರ್ಮಾನವಿದು. ಎಂದೂ ಆಡದವರು ಮೊದಲು ಹೊಸ ಯಂತ್ರವನ್ನು ಕೊಳ್ಳಬಾರದು. ಮನೆಯಲ್ಲಿರುವ ಕಂಪ್ಯೂಟರಿಗೆ ಒಂದು ಕಂಟ್ರೋಲರನ್ನೂ ಒಂದು ಸಣ್ಣ ಆಟವನ್ನೂ ಕೊಂಡು, ಒಂದು ತಿಂಗಳ ಕಾಲ ಸಂಜೆಯ ಹೊತ್ತು ಆತುರವಿಲ್ಲದೆ ಆಡಬೇಕು. ಆ ತಿಂಗಳು ಕಳೆದ ಮೇಲೂ ಆಸೆ ಉಳಿದು, ಕೈ ಇನ್ನೂ ದೊಡ್ಡ ಲೋಕವನ್ನು ಬಯಸಿದರೆ, ಆಗ ಡಿಸ್ಕ್ ಇರುವ ಕನ್ಸೋಲನ್ನು ನಿಸ್ಸಂಕೋಚವಾಗಿ ತರಬಹುದು. ವಯಸ್ಸಾಯಿತೆಂದು ಹಿಂಜರಿಯುವವರಿಗೆ ನನ್ನದೊಂದೇ ವಿಜ್ಞಾಪನೆ: ಮೊಮ್ಮಕ್ಕಳು ರಜೆಗೆ ಬಂದಾಗ ಎರಡನೆಯ ಕಂಟ್ರೋಲರನ್ನು ಹಿಡಿದು ಅವರ ಪಕ್ಕದಲ್ಲಿ ಕುಳಿತುಕೊಳ್ಳುವಷ್ಟನ್ನಾದರೂ ಈಗಲೇ ಕಲಿಯಿರಿ.