ಹಾಡಿಗೆ ಹಚ್ಚೆ

ಹತ್ತು-ಹದಿನೈದು ವರ್ಷದ ಹಿಂದೆ ಇಳಿಸಿಕೊಂಡ ಕನ್ನಡ ಎಂಪಿ3 ಹಾಡುಗಳು ಇನ್ನೂ ನಿಮ್ಮಲ್ಲಿದ್ದರೆ, ಅವುಗಳ ವಿವರ ತೆರೆದು ನೋಡಿ. ಗಾಯಕರ ಹೆಸರಿರಬೇಕಾದ ಕಡೆ ಯಾವುದೋ ವೆಬ್‌ಸೈಟಿನ ವಿಳಾಸ ಇರುತ್ತದೆ. ಆಲ್ಬಮ್ಮಿನ ಜಾಗದಲ್ಲೂ ಅದೇ, ಚಿತ್ರದ ಮೇಲೂ ಅದೇ. ಹಾಡು ಕದ್ದವರೇ ಅದಕ್ಕೆ ತಮ್ಮ ಮುದ್ರೆ ಒತ್ತಿ ಹಂಚಿದರು. ಧ್ವನಿ ಫೈಲಿಗೆ ಒಡೆತನದ ಗುರುತು ಹಾಕುವ ವಿಧಾನಗಳನ್ನು ತೂಗುವಾಗ ನಾನು ಮೊದಲು ಕೇಳುವ ಪ್ರಶ್ನೆಯೂ ಇಲ್ಲಿಂದಲೇ ಬಂದದ್ದು: ಈ ಗುರುತನ್ನು ಕಳ್ಳನೂ ಹಾಕಬಹುದೆ?

ಈ ವಿವರ ಕೂರುವ ಐಡಿ3 ಟ್ಯಾಗನ್ನು ಬೈದು ಪ್ರಯೋಜನವಿಲ್ಲ. 1996ರಲ್ಲಿ ಎರಿಕ್ ಕೆಂಪ್ ಅದನ್ನು ರೂಪಿಸಿದ್ದು ಫೈಲಿನ ಬಾಲಕ್ಕೆ 128 ಬೈಟ್ ಅಂಟಿಸಿ ಹಾಡು ಯಾವುದು, ಹಾಡಿದವರು ಯಾರು ಎಂದು ತೋರಿಸಲು. ಒಂದೊಂದು ಹೆಸರಿಗೆ 30 ಅಕ್ಷರ, ಅಷ್ಟೇ. ಕೃತಿಸ್ವಾಮ್ಯದ ಅಂಕಣ ಬಂದದ್ದು ಮುಂದಿನ ಆವೃತ್ತಿಯಲ್ಲಿ. ಯಾರು ಬೇಕಾದರೂ ತಿದ್ದಬಹುದಾದ ಈ ಚೀಟಿ ಕಪಾಟು ಜೋಡಿಸಲು ಒಳ್ಳೆಯದು, ಸಾಕ್ಷಿಗೆ ಬಾರದು.

ಚೀಟಿ ಬೇಡ, ಹಚ್ಚೆಯನ್ನೇ ಹಾಕೋಣ ಎಂದು ಹೊರಟವರು ವಾಟರ್‌ಮಾರ್ಕ್‌ನವರು. ಧ್ವನಿಯೊಳಗೇ ಕಿವಿಗೆ ಗೊತ್ತಾಗದಷ್ಟು ಸಣ್ಣ ಪ್ರತಿಧ್ವನಿಯನ್ನೋ ಗದ್ದಲವನ್ನೋ ಬೆರೆಸುವುದು ಅವರ ಉಪಾಯ. ತೊಡಕು ಅಲ್ಲಿಯೇ ಇದೆ. ಕಿವಿಗೆ ಕೇಳಿಸದ್ದನ್ನು ಕಿತ್ತು ಹಗುರಾಗುವುದೇ ಎಂಪಿ3ಯ ಕಸುಬು. ಕೇಳಿಸದ ಗುರುತು ಅದರ ಬಾಯಿಗೆ ಮೊದಲ ತುತ್ತು. ಉಳಿಯಲಿ ಎಂದು ಗಟ್ಟಿ ಮಾಡಿದರೆ ತಂಬೂರಿಯಂಥ ನಿಂತ ನಾದದಲ್ಲಿ ಬಣ್ಣ ಕೆಡುವ ಭಯ. ರೆಕಾರ್ಡ್ ಕಂಪನಿಗಳೂ ತಂತ್ರಜ್ಞಾನ ಕಂಪನಿಗಳೂ ಕೂಡಿ ಕಟ್ಟಿದ ಎಸ್‌ಡಿಎಂಐ ಒಕ್ಕೂಟ 2000ದ ಸೆಪ್ಟೆಂಬರಿನಲ್ಲಿ ‘ನಮ್ಮ ಗುರುತು ಅಳಿಸಿ ನೋಡೋಣ’ ಎಂದು ಬಹಿರಂಗ ಸವಾಲು ಹಾಕಿತು. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಎಡ್ವರ್ಡ್ ಫೆಲ್ಟನ್ ಮತ್ತು ಸಂಗಡಿಗರು ನಾಲ್ಕು ವಾಟರ್‌ಮಾರ್ಕ್‌ಗಳನ್ನೂ ಮಣಿಸಿದ್ದಾಗಿ ಪ್ರಬಂಧ ಬರೆದರು. ಉದ್ಯಮದಿಂದ ಎಚ್ಚರಿಕೆಯ ಪತ್ರ ಬಂತು. 2001ರ ಏಪ್ರಿಲ್‌ನಲ್ಲಿ ಪ್ರಬಂಧ ಓದದೆ ಹಿಂದಕ್ಕೆ ಪಡೆದು, ಆಗಸ್ಟಿನಲ್ಲಿ ಬೇರೆ ವೇದಿಕೆಯಲ್ಲಿ ಓದಿದರು. ತಾನೇ ಕರೆದ ಕುಸ್ತಿಯಲ್ಲಿ ವಕೀಲರ ಕೈಯಲ್ಲಿ ಉತ್ತರ ಕೊಡಿಸಿದ ವಿಧಾನವನ್ನು ಗಟ್ಟಿ ಎನ್ನಲು ನನಗೆ ಮನಸ್ಸಿಲ್ಲ.

2007ರಲ್ಲಿ ಐಟ್ಯೂನ್ಸ್ ನಕಲು ತಡೆಯುವ ಬೀಗವಿಲ್ಲದ ಹಾಡು ಮಾರತೊಡಗಿದಾಗ ಕೊಂಡವರ ಹೆಸರು, ಇಮೇಲ್ ಫೈಲಿನೊಳಗೆ ಕೂತವು. ಬೀಗಕ್ಕಿಂತ ಇದು ಮರ್ಯಾದಸ್ಥ ದಾರಿ, ಒಪ್ಪುತ್ತೇನೆ. ಆದರೆ ಕಾಸು ಕೊಟ್ಟವನ ಮೇಲೇ ಕಣ್ಣು. ಅವನ ಫೋನು ಕಳುವಾದರೆ ಕಳ್ಳಪ್ರತಿಯ ಮೇಲೆಲ್ಲ ಅವನದೇ ಹೆಸರು.

ಅದೇ ವರ್ಷ ಯೂಟ್ಯೂಬಿನ ಕಂಟೆಂಟ್ ಐಡಿ ಬಂತು. ಹಾಡಿನ ಮೇಲೆ ಗುರುತೇ ಬೇಡ, ನಾದದ ಬೆರಳಚ್ಚು ಅದರ ಕೋಶದಲ್ಲಿದ್ದರೆ ಸಾಕು. ಜಾಣ ವಿಧಾನ, ಆದರೆ ಕೋಶಕ್ಕೆ ಕೊಟ್ಟವನೇ ಒಡೆಯ. 2018ರಲ್ಲಿ ಜೇಮ್ಸ್ ರೋಡ್ಸ್ ಎಂಬ ಪಿಯಾನೊ ವಾದಕರು ಬಾಖ್‌ನ ಕೃತಿ ನುಡಿಸಿ ಫೇಸ್‌ಬುಕ್ಕಿಗೆ ಹಾಕಿದಾಗ ಅಲ್ಲಿನ ಇಂಥದೇ ಏರ್ಪಾಡು 47 ಸೆಕೆಂಡು ಸೋನಿಯದ್ದೆಂದು ತಡೆಯಿತು. ಬಾಖ್ ತೀರಿಕೊಂಡದ್ದು 1750ರಲ್ಲಿ! ದಾಸರ ಪದವನ್ನು ಮನೆಯಲ್ಲಿ ಹಾಡಿ ಏರಿಸುವವರೂ ಇದನ್ನು ಗಮನಿಸಬೇಕು.

ಇವೆಲ್ಲಕ್ಕಿಂತ ಗಟ್ಟಿಯಾಗಿ ಉಳಿದದ್ದು 1902ರ ಕಲ್ಕತ್ತೆಯ ಉಪಾಯ. ಗಾಯಕಿ ಗೌಹರ್ ಜಾನ್ ಹಾಡು ಮುಗಿಸಿ ತನ್ನ ಹೆಸರನ್ನು ತಾನೇ ಕೂಗಿ ಹೇಳಿದಳು, ಜರ್ಮನಿಯಲ್ಲಿ ತಟ್ಟೆ ಅಚ್ಚುಹಾಕುವವರಿಗೆ ಗೊತ್ತಾಗಲೆಂದು. ತಟ್ಟೆಯಿಂದ ಎಂಪಿ3ವರೆಗೆ ಎಷ್ಟು ಬಾರಿ ನಕಲಾದರೂ ಆ ಹೆಸರು ಹಾಡಿನ ಜೊತೆಗೇ ಬಂದಿದೆ. ಡಿಜೆ ರಿಮಿಕ್ಸ್‌ಗಳಲ್ಲಿ ನಡುನಡುವೆ ಡಿಜೆಯ ಹೆಸರು ಕೂಗುವುದೂ ಇದೇ ಜಾತಿಯದು. ಕೇಳಲು ಹಿಂಸೆ, ಆದರೆ ಕತ್ತರಿಸಿದರೆ ತಾಳ ತಪ್ಪುತ್ತದೆ.

ನಮ್ಮ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿದ 65ಬಿ ಕಲಮು, ಹಕ್ಕಿನ ವಿವರವನ್ನು ಬೇಕೆಂದೇ ಅಳಿಸಿದವರಿಗೆ ಎರಡು ವರ್ಷದವರೆಗೆ ಸೆರೆ ಎನ್ನುತ್ತದೆ. ಅಳಿಸಿದ್ದನ್ನು ರುಜುವಾತು ಮಾಡಬೇಕಲ್ಲ? ಹೊಸದಾಗಿ ಹಾಡು ಮಾಡುವವರು ಟ್ಯಾಗ್ ತುಂಬಲಿ, ಧ್ವನಿಮುದ್ರಣವನ್ನು ಗುರುತಿಸುವ 12 ಅಕ್ಷರದ ಐಎಸ್‌ಆರ್‌ಸಿ ಸಂಖ್ಯೆಯನ್ನೂ ಪಡೆಯಲಿ. ಮಿಕ್ಸ್ ಮಾಡುವ ಮೊದಲಿನ ಟ್ರ್ಯಾಕ್‌ಗಳನ್ನಂತೂ ಅಳಿಸದಿರಲಿ. ಮುಗಿದ ಹಾಡಿನಿಂದ ದನಿಯನ್ನೂ ತಬಲೆಯನ್ನೂ ಬಿಡಿಸಿ ಕೊಡುವ ಸಾಫ್ಟ್‌ವೇರ್ ಈಗ ಬಂದಿದೆ. ಆದರೆ ಕೈಬಿಟ್ಟ ಟೇಕು, ಚರಣದ ನಡುವೆ ಬಂದ ಕೆಮ್ಮು, ‘ಇನ್ನೊಂದ್ಸಲ ಹಾಡ್ತೀನಿ’ ಎಂದ ಮಾತು ಅದಕ್ಕೆ ಸಿಗುವುದಿಲ್ಲ.