ಅಂಕಿತ ತಪ್ಪಿದ ಹಾಡು

ನಮ್ಮ ವಾಚನಾಲಯದಾಗ ಮಾಸ್ತರರು ಒಂದು ಹಳೇ ಇಂಗ್ಲಿಷ್ ಚಿತ್ರ ತೋರಿಸಿದರು. 1958ರದ್ದು, ಹೆಸರು 'ಕಾರ್ವ್ ಹರ್ ನೇಮ್ ವಿತ್ ಪ್ರೈಡ್'. ನನಗ ಇಂಗ್ಲಿಷ್ ಬರೂದಿಲ್ಲ. ಅವರು ನಡುನಡುವ ನಿಲ್ಲಿಸಿ ಅರ್ಥ ಹೇಳಿದರು. ಯುದ್ಧದ ಭಾಗ ಚಲೋ ತೆಗದಾರ. ನನ್ನ ತಕರಾರು ಅದರೊಳಗಿನ ಒಂದು ಹಾಡಿನ ಬಗ್ಗೆ.

ಕಥಿ ಖರೇನ ನಡೆದದ್ದು. ವಯೊಲೆಟ್ ಸಾಬೊ ಅನ್ನೋ ಹೆಣ್ಣುಮಗಳು, ತಂದಿ ಇಂಗ್ಲಿಷಿನವ, ತಾಯಿ ಫ್ರೆಂಚ್. ಗಂಡ ಎತಿಯೆನ್ 1942ರಲ್ಲಿ ಎಲ್ ಅಲಮೈನ್ ಯುದ್ಧದಾಗ ಸತ್ತ, ಕೂಸಿನ ಮಾರಿ ಸಹಿತ ನೋಡಲಿಲ್ಲ. ಆಮೇಲೆ ಈಕಿ ಬ್ರಿಟಿಷರ ಗುಪ್ತ ದಳ ಸೇರಿದಳು. ಜರ್ಮನರ ಕೈಯಾಗಿದ್ದ ಫ್ರಾನ್ಸಿಗೆ 1944ರ ಏಪ್ರಿಲ್‌ದಾಗ ಒಮ್ಮೆ, ಜೂನ್‌ದಾಗ ಇನ್ನೊಮ್ಮೆ ಹೋದಳು. ಎರಡನೇ ಸಲ ಸಿಕ್ಕಬಿದ್ದಳು. ರಾವೆನ್ಸ್‌ಬ್ರೂಕ್ ಸೆರೆಯಲ್ಲಿ ಕೊಂದರು. ವಯಸ್ಸು 23.

ಇಂಥವರಿಗೆ ಗುಟ್ಟಿನ ಸುದ್ದಿ ಕಳಿಸಲಿಕ್ಕೆ ಒಂದು ಹಾಡು ಬಾಯಿಪಾಠ ಇರಬೇಕಿತ್ತು. ಅದರಾಗಿನ ಐದು ಶಬ್ದ ಆರಿಸಿ, ಅಕ್ಷರಗಳಿಗೆ ವರ್ಣಮಾಲೆಯ ಸರತಿಯಂತೆ ಅಂಕಿ ಹಾಕಿ, ಆ ಅಂಕಿಯ ಪ್ರಕಾರ ಸುದ್ದಿಯ ಅಕ್ಷರಗಳನ್ನು ಕಲಸಿಬಿಡೋದು. ಲಂಡನ್ನಿನಾಗ ಅದೇ ಹಾಡು ಇಟ್ಟುಕೊಂಡವರು ಬಿಡಿಸಿಕೊಳ್ಳೋದು. ಒಂದು ಸ್ಪೆಲ್ಲಿಂಗ್ ತಪ್ಪಿದರ ಸುದ್ದಿ ಗಂಟು ಬಿತ್ತು. ನಾವು ಭಜನಿಯಾಗ ಸಾಲು ಮರೆತರ ಇನ್ನೊಂದು ಜೋಡಿಸಿ ದಾಟಿಸ್ತೀವಿ. ಅಲ್ಲಿ ಹಂಗ ನಡಿಯೂದಿಲ್ಲ. ಹೆಸರಾದ ಕವಿಯ ಹಾಡಾದರ ವೈರಿಗಳು ಪುಸ್ತಕ ತೆಗೆದು ಹುಡುಕಿಬಿಡ್ತಾರ. ಅದಕ್ಕ ಸಂಕೇತದ ಮುಖ್ಯಸ್ಥ ಲಿಯೋ ಮಾರ್ಕ್ಸ್ ತಾನೇ ಹೊಸಾ ಹಾಡು ಕಟ್ಟಿ ಕೊಡ್ತಿದ್ದ.

ವಯೊಲೆಟ್‌ಳಿಗೆ ಕೊಟ್ಟ ಹಾಡು ಅವನದೇ. ರೂತ್ ಅನ್ನೋ ಅವನ ಪ್ರೀತಿಯ ಹುಡುಗಿ ಕೆನಡಾದಾಗ ವಿಮಾನ ಬಿದ್ದು ಸತ್ತಾಗ, 1943ರ ಡಿಸೆಂಬರದಾಗ ಕಟ್ಟಿದ್ದು. ಸಣ್ಣ ಹಾಡು, ಸಾದಾ ಶಬ್ದ.

ಚಿತ್ರದವರು ಏನ್ ಮಾಡ್ಯಾರ? ಈ ಹಾಡು ಗಂಡ ಎತಿಯೆನ್ ಬರೆದದ್ದು ಅಂದಾರ! ಮಾಸ್ತರರು ಅವರ ಪರ: "ನನ್ನ ಹೆಸರು ಹೇಳಬಾರದು ಅಂತ ಮಾರ್ಕ್ಸನೇ ಕರಾರು ಹಾಕಿದ್ದ, ಅಪ್ಪಾ." ಇರಲಿ, ಅಷ್ಟು ಒಪ್ಪಿದೆ. ಆದರ ಹೆಸರು ಮುಚ್ರಿ ಅಂದವನ ಮಾತಿಗೆ ಇನ್ನೊಬ್ಬನ ಹೆಸರು ಹಚ್ಚೋದು ಯಾಕ? ನಮ್ಮ ಜತ್ತ ಕಡೆ ಕಡೀ ನುಡಿಯಾಗ ಅಂಕಿತ ಬರ್ತದ, ಅದನ್ನ ಬಿಟ್ಟು ಹಾಡಿದರ ಹಿರಿಯರು ಬೈತಿದ್ದರು. ನಮ್ಮ ಗುರುಗಳ ಪದ ಒಂದು ಕ್ಯಾಸೆಟ್ಟಿನಾಗ ಬ್ಯಾರೆಯವರ ಹೆಸರಿನಾಗ ಬಂದಿತ್ತು. ಅವರು ಏನೂ ಅನಲಿಲ್ಲ, ಆದರ ಆ ಪದ ಮತ್ತ ಹಾಡಲಿಲ್ಲ.

ಗಂಡನ ಹಾಡು ಅಂದರ ನೋಡುವವರು ಬೇಗ ಅಳ್ತಾರ, ಖರೆ. ಆದರ ನಡೆದದ್ದು ಅದಕ್ಕಿಂತ ಭಾರ ಐತಿ. ಸತ್ತವಳಿಗೆ ಕಟ್ಟಿದ ಹಾಡನ್ನ, ಸಾವಿನ ಬಾಯಿಗೆ ಹೊರಟವಳ ಕೈಗೆ ಕೀಲಿಕೈ ಅಂತ ಅವನೇ ಕೊಡಬೇಕಾತು. ಯಾರೂ ಕೇಳಿರದ ಹಾಡು ಅಂತನ ಅದು ಆಕಿಗೆ ಬಂತು. ಚಿತ್ರದಾಗ ಈ ಕಾರಣವೇ ಹೋಗಿಬಿಟ್ಟೈತಿ.

ಕಡೀಕ ಸಣ್ಣ ಮಗಳು ತಾನ್ಯಾ ಅವ್ವನ ಜಾರ್ಜ್ ಕ್ರಾಸ್ ಪದಕ ಇಸಕೊಳ್ಳೋದು ಬರ್ತದ. ಅಲ್ಲಿ ನನ್ನ ತಕರಾರಿಲ್ಲ, ಕಣ್ಣಾಗ ನೀರು ಬಂತು. ಮಾರ್ಕ್ಸ್ ಇದನ್ನೆಲ್ಲಾ 1998ರ ತನ್ನ ಪುಸ್ತಕದಾಗ ಬರದಾನಂತ. ಮುಂದಿನ ಸಲ ಚಿತ್ರ ಹಚ್ಚೋ ಮೊದಲ ಅವನ ಹೆಸರು, ಆ ರೂತ್‌ಳ ಹೆಸರು ಹೇಳ್ರಿ ಅಂತ ಮಾಸ್ತರರಿಗೆ ಹೇಳೀನಿ.