ಮೇದೋಜೀರಕದ ಸಿಸ್ಟುಗಳಲ್ಲಿ ಕ್ಯಾನ್ಸರ್ ಸಂಭವದ ನಿರ್ಣಯ: ಒಂದು ವಿಮರ್ಶೆ

ಮೇದೋಜೀರಕ ಗ್ರಂಥಿಯಲ್ಲಿ ಕಂಡುಬರುವ ಸಿಸ್ಟುಗಳಲ್ಲಿ ಯಾವುದು ನಿರುಪದ್ರವಿ, ಯಾವುದು ಮುಂದೆ ಕ್ಯಾನ್ಸರಾಗಿ ಪರಿಣಮಿಸೀತು ಎಂಬುದನ್ನು ನಿರ್ಣಯಿಸಲು ಹಲವು ಮಾರ್ಗಸೂಚಿಗಳು ಪ್ರಕಟವಾಗಿವೆ. 2006ರ ಸೆಂಡಾಯಿ, 2012ರ ಫುಕುವೋಕಾ, 2015ರ ಅಮೆರಿಕನ್, 2018ರ ಯುರೋಪಿಯನ್, 2024ರ ಕ್ಯೋಟೋ ಮಾರ್ಗಸೂಚಿಗಳು ಇವುಗಳಲ್ಲಿ ಮುಖ್ಯವಾದವು. ಇವುಗಳ ಉಪಯುಕ್ತತೆಯನ್ನು ನಾವು ಅಲ್ಲಗಳೆಯುವುದಿಲ್ಲ. ಇವು ನಿಂತಿರುವ ಆಧಾರವೆಷ್ಟು ಗಟ್ಟಿ ಎಂಬುದನ್ನು ಪರೀಕ್ಷಿಸುವುದಷ್ಟೇ ನಮ್ಮ ಉದ್ದೇಶ.

ಮೊದಲನೆಯದಾಗಿ, ಸಿಸ್ಟ್ ಎಂಬುದು ಒಂದೇ ರೋಗದ ಹೆಸರಲ್ಲ. ಗ್ರಂಥಿಯ ಉರಿಯೂತದ ತರುವಾಯ ಉಂಟಾಗುವ ಹುಸಿ ಸಿಸ್ಟಿಗೆ ಒಳಪೊರೆಯ ಜೀವಕೋಶಗಳೇ ಇಲ್ಲ; ಅದು ಕ್ಯಾನ್ಸರಾಗದು. ತಿಳಿದ್ರವದ ಸೀರಸ್ ಸಿಸ್ಟು ಹಾಗಾಗುವುದು ತೀರ ವಿರಳ. ಆತಂಕಕ್ಕೆ ಎಡೆಯಿರುವುದು ಮುಖ್ಯವಾಗಿ ಲೋಳೆ ಸ್ರವಿಸುವ ಬಗೆಗಳಲ್ಲಿ. ಸಿಸ್ಟಿನ ದ್ರವದಲ್ಲಿ ಸಿ.ಇ.ಎ. ಎಂಬ ವಸ್ತುವಿನ ಪ್ರಮಾಣವನ್ನು ಅಳೆಯುವ ಪರೀಕ್ಷೆ ಸಹ ಲೋಳೆಯ ಬಗೆಯನ್ನು ಇತರ ಬಗೆಗಳಿಂದ ಬೇರ್ಪಡಿಸುತ್ತದೆಯೇ ಹೊರತು ಕ್ಯಾನ್ಸರನ್ನು ಸೂಚಿಸುವುದಿಲ್ಲ.

ಫುಕುವೋಕಾ ಮಾರ್ಗಸೂಚಿಯ ಪ್ರಕಾರ ಕಾಮಾಲೆ, ಸಿಸ್ಟಿನೊಳಗಿನ ಘನಭಾಗ, 10 ಮಿಲಿಮೀಟರಿಗೆ ಹಿಗ್ಗಿದ ಪ್ರಧಾನ ನಾಳ ಇವು ಅಪಾಯದ ಲಕ್ಷಣಗಳು. ಸಿಸ್ಟಿನ ಗಾತ್ರ 3 ಸೆಂಟಿಮೀಟರ್ ಮುಟ್ಟಿದರೆ ಅದು ಚಿಂತಾಜನಕ. ಯುರೋಪಿನವರು ಗಾತ್ರದ ಎಲ್ಲೆಯನ್ನು 4 ಸೆಂಟಿಮೀಟರಿಗೆ ಇಟ್ಟಿದ್ದಾರೆ. ಎಲ್ಲೆಯೇ ಹೀಗೆ ಬದಲಾಗುವಾಗ ಅದು ಪ್ರಕೃತಿ ಎಳೆದ ಗೆರೆಯಲ್ಲ, ತಜ್ಞರ ಒಮ್ಮತದ ಗೆರೆ ಎಂಬುದು ಸ್ಪಷ್ಟ.

ಇದಕ್ಕಿಂತ ಗುರುತರವಾದ ಆಕ್ಷೇಪವೊಂದಿದೆ. ನಾಳದ ಕವಲುಗಳಲ್ಲಿ ಬೆಳೆಯುವ ಲೋಳೆಯ ಸಿಸ್ಟುಗಳಲ್ಲಿ ಸುಮಾರು ಕಾಲುಭಾಗ ಕೇಡಿನವು ಎಂಬ ಎಣಿಕೆ ಶಸ್ತ್ರಚಿಕಿತ್ಸೆಗೆ ಒಳಗಾದವರಿಂದ ಬಂದದ್ದು. ಸಂದೇಹವಿದ್ದವರನ್ನೇ ಆರಿಸಿ ಕತ್ತರಿಸಿದ ಮೇಲೆ ಸಿಕ್ಕ ಪ್ರಮಾಣವದು. ಅಮೆರಿಕನ್ ಮಾರ್ಗಸೂಚಿಗಾಗಿ ನಡೆದ ಸಮೀಕ್ಷೆಯಾದರೋ ಇಂಥ ಸಿಸ್ಟು ಕ್ಯಾನ್ಸರಾಗುವ ಸಂಭವ ವರ್ಷಕ್ಕೆ ಶೇಕಡಾ 0.24ರಷ್ಟು ಎಂದು ಅಂದಾಜಿಸಿತು. ಎರಡು ಸಂಖ್ಯೆಗಳೂ ಸುಳ್ಳಲ್ಲ. ಅವು ಎಣಿಸಿದ ಜನಸಮುದಾಯಗಳು ಬೇರೆ.

ಒಂದು ಕಲ್ಪಿತ ಲೆಕ್ಕ ನೋಡೋಣ. ರೋಗವಿರುವ 100ರಲ್ಲಿ 80 ಮಂದಿಯಲ್ಲಿ ತೋರುವ, ರೋಗವಿಲ್ಲದ 100ರಲ್ಲಿ 20 ಮಂದಿಯಲ್ಲಿಯೂ ತೋರುವ ಲಕ್ಷಣವೊಂದಿದೆಯೆನ್ನೋಣ. ಕಾಲುಭಾಗ ರೋಗಿಗಳಿರುವ ಶಸ್ತ್ರಚಿಕಿತ್ಸಾಲಯದಲ್ಲಿ ಆ ಲಕ್ಷಣವುಳ್ಳವರ ಪೈಕಿ ಶೇಕಡಾ 57 ಮಂದಿಗೆ ರೋಗವಿರುತ್ತದೆ. ನೂರಕ್ಕೊಬ್ಬ ರೋಗಿಯಿರುವ ಸಮುದಾಯದಲ್ಲಿ ಅದು ಶೇಕಡಾ 4ಕ್ಕೆ ಇಳಿಯುತ್ತದೆ. ಮೂತ್ರಪಿಂಡದ ಕಲ್ಲಿಗೆಂದು ಸ್ಕ್ಯಾನ್ ಮಾಡಿಸಿದ ಸಪ್ತಾಪುರದ ಗೃಹಸ್ಥರೊಬ್ಬರಿಗೆ ಅಕಸ್ಮಾತ್ತಾಗಿ ಸಿಸ್ಟು ಕಂಡರೆ ಅವರು ಸೇರುವುದು ಈ ಎರಡನೆಯ ಗುಂಪಿಗೆ. ಮೊದಲನೆಯ ಗುಂಪಿನ ಸಂಖ್ಯೆಯನ್ನು ಅವರ ಮುಂದಿಟ್ಟರೆ ಸಣ್ಣ ಕರುಳಿನ ಮೊದಲ ಭಾಗವನ್ನೂ ಪಿತ್ತಕೋಶವನ್ನೂ ಸೇರಿಸಿ ಗ್ರಂಥಿಯ ತಲೆಯನ್ನೇ ತೆಗೆಯುವ ದೊಡ್ಡ ಶಸ್ತ್ರಚಿಕಿತ್ಸೆಗೆ ಅವರು ಅಕಾರಣವಾಗಿ ಒಪ್ಪಿಯಾರು.

ಹಾಗೆಂದು ನಿಶ್ಚಿಂತರಾಗಿರಲೂ ಬಾರದು. ದಕ್ಷಿಣ ಭಾರತದಲ್ಲಿ, ವಿಶೇಷವಾಗಿ ಕೇರಳದಲ್ಲಿ, ಬಹುಕಾಲದಿಂದ ತಿಳಿದಿರುವ ಕಲ್ಲುಗೂಡಿದ ದೀರ್ಘಕಾಲಿಕ ಉರಿಯೂತ ಹುಸಿ ಸಿಸ್ಟನ್ನೂ ಉಂಟುಮಾಡುತ್ತದೆ, ನಾಳವನ್ನೂ ಹಿಗ್ಗಿಸುತ್ತದೆ. ತಾನೇ ಕ್ಯಾನ್ಸರಿನ ಸಂಭವವನ್ನೂ ಹೆಚ್ಚಿಸುತ್ತದೆ. ನಾಳ ಹಿಗ್ಗಿದ್ದು ಲೋಳೆಯಿಂದಲೋ ಕಲ್ಲಿನಿಂದಲೋ ಎಂದು ನೋಡದೆ ಬರಿಯ ಮಿಲಿಮೀಟರನ್ನು ನಂಬಿದರೆ ಇಲ್ಲಿ ಎರಡು ಬಗೆಯ ತಪ್ಪೂ ಸಾಧ್ಯ.

ಆದುದರಿಂದ ಗಾತ್ರಕ್ಕಿಂತ ಮೊದಲು ಬಗೆಯನ್ನು ಗೊತ್ತುಪಡಿಸಬೇಕು. ಒಮ್ಮೆ ಅಳೆದ ಗಾತ್ರಕ್ಕಿಂತ ಕಾಲಕ್ರಮದ ಬೆಳವಣಿಗೆಗೆ ಹೆಚ್ಚು ಬೆಲೆ ಕೊಡಬೇಕು. ಕ್ಯೋಟೋ ಮಾರ್ಗಸೂಚಿ ವರ್ಷಕ್ಕೆ 2.5 ಮಿಲಿಮೀಟರ್ ಬೆಳವಣಿಗೆಯನ್ನು ಗಮನಿಸುವುದೂ, ಐದು ವರ್ಷ ಬದಲಾಗದ ಸಣ್ಣ ಸಿಸ್ಟುಗಳ ನಿಗಾವನ್ನು ನಿಲ್ಲಿಸಲು ಅವಕಾಶ ಕೊಡುವುದೂ ಈ ದಿಕ್ಕಿನ ಹೆಜ್ಜೆಗಳು. ಹುಬ್ಬಳ್ಳಿ-ಧಾರವಾಡದ ಆಸ್ಪತ್ರೆಗಳು ಶಸ್ತ್ರಚಿಕಿತ್ಸೆಯಾದವರದಷ್ಟೇ ಅಲ್ಲದೆ ಆಗದವರ ವೃತ್ತಾಂತವನ್ನೂ ದಾಖಲಿಸಿಟ್ಟರೆ ನಮ್ಮ ಜನರ ಅಪಾಯವನ್ನು ನಮ್ಮ ಜನರಿಂದಲೇ ಅಳೆಯಬಹುದು. ಆವರೆಗೆ ಈ ಸಂಖ್ಯೆಗಳು ಎರವಲು ತಂದ ಅಳತೆಗೋಲುಗಳೆಂಬುದನ್ನು ವೈದ್ಯರೂ ರೋಗಿಗಳೂ ನೆನಪಿನಲ್ಲಿಡಬೇಕೆಂಬುದೇ ನಮ್ಮ ಅಭಿಪ್ರಾಯ.